ಒಂದೇ ಚಾನೆಲ್‌ನ ಆಂಪ್‌ನಲ್ಲಿ ರಿದಮ್ ಮತ್ತು ಲೀಡ್

ಎಲೆಕ್ಟ್ರಿಕ್ ಗಿಟಾರ್ ನುಡಿಸಲು ಹಲವು ಸ್ವರಗಳ ಕಾರ್ಡ್‌ಗಳಿಂದ ಹಾಡಿಗೆ ಆಧಾರ ಕೊಡುವ ರಿದಮ್‌ಗೊಂದು, ಬಿಡಿ ಸ್ವರಗಳ ರಾಗ ನುಡಿಸುವ ಲೀಡ್‌ಗೊಂದು ಎಂದು ಎರಡು ಚಾನೆಲ್‌ಗಳ (ಬೇರೆ ಬೇರೆ ನಾದಕ್ಕೆ ಹೊಂದಿಸಿಡುವ ಪ್ರತ್ಯೇಕ ದಾರಿಗಳ) ಆಂಪ್ಲಿಫೈಯರ್ ಇರಲೇಬೇಕೆಂದೇನೂ ಇಲ್ಲ. ಬ್ರಿಟನ್ನಿನ ಮಾರ್ಷಲ್ ಕಂಪನಿಯು 1981ರಲ್ಲಿ ಹೊರತಂದ ಜೆಸಿಎಂ 800 ಸರಣಿಯ, 100 ವ್ಯಾಟ್ ಸಾಮರ್ಥ್ಯದ 2203 ಮಾದರಿಯಲ್ಲಿ ಇರುವುದು ಒಂದೇ ಚಾನೆಲ್. ಗೇನ್ (ದನಿ ಎಷ್ಟು ಒಡೆಯಬೇಕೆಂಬುದರ ನಾಬ್) ಮತ್ತು ಮಾಸ್ಟರ್ ವಾಲ್ಯೂಮ್ (ಒಟ್ಟು ಸದ್ದಿನ ನಾಬ್) ಪ್ರತ್ಯೇಕವಾಗಿರುವ ಇಂಥ ಯಾವುದೇ ಆಂಪ್‌ನಲ್ಲಿ ಎರಡೂ ಬಗೆಯ ನಾದವನ್ನು ಪಡೆಯಬಹುದು.

ಮೊದಲು ಬೇಸ್, ಮಿಡಲ್ ಮತ್ತು ಟ್ರೆಬಲ್ ನಾಬ್‌ಗಳನ್ನು ನಡುವಿನಲ್ಲಿಟ್ಟು, ಮಾಸ್ಟರ್ ವಾಲ್ಯೂಮನ್ನು ಡ್ರಮ್ಮಿನ ಜೊತೆ ನುಡಿಸುವಷ್ಟು ಏರಿಸಿಕೊಳ್ಳಬೇಕು. ಸದ್ದು ಸಣ್ಣದಿದ್ದಾಗ ಕಿವಿಗೆ ತಗ್ಗಿನ ಮತ್ತು ತೀರ ಎತ್ತರದ ಸ್ವರಗಳು ಕಡಿಮೆ ಕೇಳಿಸುವುದರಿಂದ, ಮನೆಯಲ್ಲಿ ಮೆಲ್ಲಗೆ ನುಡಿಸುತ್ತ ಮಾಡಿಕೊಂಡ ಹೊಂದಿಕೆ ವೇದಿಕೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅನಂತರ ರಿದಮ್. ಇ ಮೈನರ್ ಕಾರ್ಡ್ ಹಿಡಿದು ಆರೂ ತಂತಿಗಳನ್ನು ಬಲವಾಗಿ ಮೀಟುತ್ತ ಗೇನನ್ನು ನಿಧಾನವಾಗಿ ಏರಿಸಿ, ಒಂದೊಂದು ತಂತಿಯ ಸ್ವರವೂ ಬಿಡಿಯಾಗಿ ಕೇಳುವುದು ನಿಂತ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್‌ನದು. ಆ ಜಾಗದಲ್ಲಿ ಬೇಸ್ ಗಿಟಾರೂ ಇರುವುದರಿಂದ ಬೇಸ್ ನಾಬನ್ನು ಇಳಿಸಿದರೆ ನಷ್ಟವಿಲ್ಲ. ಮಿಡಲನ್ನು ಸೊನ್ನೆಗಿಳಿಸುವ ಚಾಳಿ ಮಾತ್ರ ಬೇಡ: ಒಬ್ಬರೇ ನುಡಿಸುವಾಗ ಅದು ಭರ್ಜರಿಯಾಗಿ ಕೇಳಿಸುತ್ತದೆ, ತಂಡದಲ್ಲಿ ಗಿಟಾರ್ ಇದೆಯೆಂದೇ ತಿಳಿಯುವುದಿಲ್ಲ.

ಲೀಡ್‌ಗೆ ಗೇನನ್ನೇ ಹೆಚ್ಚಿಸಬೇಕೆಂಬುದು ಪೂರ್ತಿ ಸರಿಯಲ್ಲ. ಹೆಚ್ಚು ಬೇಕಾಗಿರುವುದು ಮಧ್ಯದ ಸ್ವರಗಳು. ಐಬನೇಜ್ ಟ್ಯೂಬ್ ಸ್ಕ್ರೀಮರ್‌ನಂಥ ಪೆಡಲನ್ನು (ಕಾಲಿನಿಂದ ಒತ್ತಿ ನಾದ ಬದಲಿಸುವ ಪೆಟ್ಟಿಗೆಯನ್ನು) ಗಿಟಾರ್ ಮತ್ತು ಆಂಪ್‌ಗಳ ನಡುವೆ ಜೋಡಿಸಿ, ದನಿ ಒಡೆಯುವ ಅದರ ಡ್ರೈವ್ ನಾಬನ್ನು ಬಹುತೇಕ ಸೊನ್ನೆಗೂ ಹೊರಹೋಗುವ ಸದ್ದಿನ ಲೆವೆಲ್ ನಾಬನ್ನು ಮೇಲಕ್ಕೂ ಇಟ್ಟರೆ, ಅದು ತಗ್ಗಿನ ಸ್ವರಗಳನ್ನು ಕತ್ತರಿಸಿ ಮಧ್ಯದವನ್ನು ಎತ್ತಿಕೊಡುತ್ತದೆ, ಸ್ವರವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಆಂಪ್ ಆಗಲೇ ಒಡೆದ ದನಿಯಲ್ಲಿದ್ದರೆ ಇದರಿಂದ ಸದ್ದು ಹೆಚ್ಚಾಗುವುದು ಅಲ್ಪವೇ; ಜೋರು ಬೇಕಿದ್ದರೆ, ಎಫೆಕ್ಟ್ಸ್ ಲೂಪ್ (ಗೇನ್ ಹಂತದ ನಂತರ ಪೆಡಲ್ ಜೋಡಿಸುವ ಕಿಂಡಿ) ಇರುವ ಆಂಪ್‌ಗಳಲ್ಲಿ ಸದ್ದು ಏರಿಸುವ ಬೂಸ್ಟ್ ಪೆಡಲನ್ನು ಆ ಲೂಪಿಗೆ ಹಾಕಬೇಕು.

ಪೆಡಲ್ ಇಲ್ಲದವರು ಆಂಪನ್ನು ಲೀಡ್‌ಗೆ ಹೊಂದಿಸಿಕೊಂಡು, ರಿದಮ್ ನುಡಿಸುವಾಗ ಗಿಟಾರಿನ ವಾಲ್ಯೂಮನ್ನು ಆರು ಅಥವಾ ಏಳಕ್ಕೆ ಇಳಿಸಿಕೊಳ್ಳಬಹುದು. ಆಗ ನಾದ ಮಂಕಾದರೆ, ಆ ನಾಬಿಗೆ ಸಣ್ಣ ಕೆಪಾಸಿಟರ್ ಬೆಸುಗೆ ಹಾಕಿಸಿದರೆ ಟ್ರೆಬಲ್ ಉಳಿಯುತ್ತದೆ.

ಕೊನೆಗೆ ಟ್ರೆಬಲ್ ಮತ್ತು ಪ್ರೆಸೆನ್ಸನ್ನು (ಎತ್ತರದ ಸ್ವರಗಳ ಇನ್ನೊಂದು ನಾಬನ್ನು) ಹೊಂದಿಸುವಾಗ ಆಂಪಿನ ಪಕ್ಕದಲ್ಲಿ ನಿಲ್ಲಬಾರದು. ಹನ್ನೆರಡು ಅಂಗುಲದ ಸ್ಪೀಕರ್ ಎತ್ತರದ ಸ್ವರಗಳನ್ನು ನೇರ ಮುಂದಕ್ಕೆ ಎಸೆಯುತ್ತದೆ. ನಿಂತು ನುಡಿಸುವವರ ಮೊಣಕಾಲಿಗೆ ಬಡಿಯುವ ಆ ಕರ್ಕಶತೆ, ಎದುರಿಗೆ ಕುಳಿತವರ ಕಿವಿಗೆ ಬೀಳುತ್ತದೆ. ಆಂಪನ್ನು ಕುರ್ಚಿಯ ಮೇಲಿಟ್ಟು ಅಥವಾ ಹಿಂದಕ್ಕೆ ವಾಲಿಸಿ, ಕೇಳಿಕೊಂಡು, ಆ ಎರಡು ನಾಬ್‌ಗಳನ್ನು ನಿಗದಿ ಮಾಡಬೇಕು.