ಲ್ಯಾಪ್‌ಟಾಪಿನಲ್ಲಿ ನೀರು ಹರಿಸುವ ಮುನ್ನ

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಮಯದಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಸರ್, ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪೇ ತಗೊಂಡೆ. ಆದ್ರೂ ನೀರಿನ ಸಿಮ್ಯುಲೇಶನ್ ಯಾಕೆ ಇಷ್ಟು ನಿಧಾನ?’ 3ಡಿ ಚಿತ್ರಗಳ ಉಚಿತ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಬೇಕ್ (ಸಿಮ್ಯುಲೇಶನ್ ಲೆಕ್ಕ ಮಾಡಿ ಉಳಿಸುವ ಕೆಲಸ) ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಉತ್ತರ ಅಲ್ಲೇ ಸಿಗುತ್ತದೆ. ಪ್ರೊಸೆಸರ್ ಏದುಸಿರು ಬಿಡುತ್ತಿರುತ್ತದೆ, ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ಖಾಲಿ ಕೂತಿರುತ್ತದೆ. 2020ರಲ್ಲಿ ಬ್ಲೆಂಡರ್‌ಗೆ ಬಂದ, ನೀರು ಮತ್ತು ಹೊಗೆಯ ಸಿಮ್ಯುಲೇಶನ್ ಮಾಡುವ ಮಂಟಾಫ್ಲೋ ತನ್ನ ಲೆಕ್ಕವನ್ನೆಲ್ಲ ಪ್ರೊಸೆಸರ್‌ನಲ್ಲೇ ಮಾಡುತ್ತದೆ.

ಮೊದಲು ಸಾಫ್ಟ್‌ವೇರ್ ಗೊತ್ತುಮಾಡಿಕೊಳ್ಳಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ನೀರು ತುಂಬಿದಾಗ ತಾನಾಗಿಯೇ ಹೊರಹಾಕುವ ಸೈಫನ್‌ಗಳಿವೆ. ಅದನ್ನೇ ಪ್ರಾಜೆಕ್ಟ್ ಮಾಡುವ ಆಸೆಯಿದ್ದರೆ ಬ್ಲೆಂಡರ್ ಬೇಡ. ಸೈಫನ್ ನಡೆಯಲು ಗುರುತ್ವದ ಜೊತೆಗೆ ಗಾಳಿಯ ಒತ್ತಡವೂ ಬೇಕು. ಬ್ಲೆಂಡರ್‌ನ ನೀರಿಗೆ ಗಾಳಿಯ ಒತ್ತಡದ ಲೆಕ್ಕವೇ ಇಲ್ಲ, ಅದು ಕಣ್ಣಿಗೆ ಚೆಂದ ಅಷ್ಟೆ. ಗಾಳಿ, ನೀರು ಎರಡನ್ನೂ ಲೆಕ್ಕಕ್ಕೆ ತಗೊಳ್ಳುವ ಇಂಟರ್‌ಫೋಮ್ ಬಳಸಿ, ಅದು ಹರಿವಿನ ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರ್ ಓಪನ್‌ಫೋಮ್‌ನ ಒಂದು ಭಾಗ. ಅದೂ ಮೂಲರೂಪದಲ್ಲಿ ಪ್ರೊಸೆಸರ್‌ನಲ್ಲೇ ಓಡುತ್ತದೆ.

ಮುಂದಿನದು ರೆಸಲ್ಯೂಶನ್, ಅಂದರೆ ನೀರಿನ ಜಾಗವನ್ನು ಒಂದೊಂದು ಕಡೆಗೆ ಎಷ್ಟು ಚೌಕಗಳಾಗಿ ಒಡೆಯುತ್ತೀರಿ ಎಂಬುದು. ಎಡವುವುದು ಹೆಚ್ಚಾಗಿ ಇಲ್ಲೇ. 64 ಇದ್ದದ್ದನ್ನು 128 ಮಾಡಿದರೆ ಕೆಲಸ ಎರಡು ಪಟ್ಟಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕಡೆ ಚೌಕಗಳು ದುಪ್ಪಟ್ಟಾಗಿ ಒಟ್ಟು 8 ಪಟ್ಟು ಆಗುತ್ತವೆ. ಚೌಕ ಚಿಕ್ಕದಾದಷ್ಟೂ ಕಾಲದ ಹೆಜ್ಜೆಯೂ ಚಿಕ್ಕದಾಗಬೇಕು, ಹಾಗಾಗಿ ಲೆಕ್ಕ 16 ಪಟ್ಟಿನ ಹತ್ತಿರ ಹೋಗುತ್ತದೆ. 32ರಲ್ಲಿ ನೀರಿನ ದಾರಿ ಸರಿಯಿದೆಯೇ ನೋಡಿಕೊಂಡು ಆಮೇಲೆ ಏರಿಸಿ.

ಇನ್ನು ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ವಿಷಯ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಲಾಜಿಕಲ್ ಪ್ರೊಸೆಸರ್ಸ್’ ಎಂದು ಕಾಣುವ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಇಂಟೆಲ್ ಐ5-12450ಎಚ್‌ನಲ್ಲಿ ಅದು 12 ಎಂದಿರುತ್ತದೆ, ನಿಜವಾದ ಕೋರ್‌ಗಳು 8, ಅದರಲ್ಲಿ ವೇಗದವು 4 ಮಾತ್ರ. ಓಪನ್‌ಫೋಮ್‌ನಲ್ಲಿ ಕೆಲಸವನ್ನು ಸಮನಾಗಿ 8 ಭಾಗ ಮಾಡಿದರೆ ವೇಗದ ನಾಲ್ಕು ತಮ್ಮ ಪಾಲು ಮುಗಿಸಿ ನಿಧಾನದ ನಾಲ್ಕಕ್ಕಾಗಿ ಕಾಯುತ್ತವೆ. ಹಾಗಾಗಿ 4 ಭಾಗ ಮಾಡಿ ಒಮ್ಮೆ, 8 ಮಾಡಿ ಒಮ್ಮೆ ಸಣ್ಣ ಕೇಸ್ ಓಡಿಸಿ, ಗೆದ್ದದ್ದನ್ನು ಇಟ್ಟುಕೊಳ್ಳಿ. ಕೋರ್ ಎಷ್ಟಿದ್ದರೂ ರ್‍ಯಾಮ್‌ನಿಂದ ಅಂಕಿಗಳು ಬೇಗ ಬರದಿದ್ದರೆ ಪ್ರಯೋಜನವಿಲ್ಲ. ಎರಡು ಸ್ಲಾಟ್ ಇರುವ ಲ್ಯಾಪ್‌ಟಾಪಾದರೆ 16 ಜಿಬಿಯ ಒಂದೇ ಸ್ಟಿಕ್‌ಗಿಂತ 8 ಜಿಬಿಯ ಎರಡು ಮೇಲು, ಎರಡರಿಂದಲೂ ಅಂಕಿಗಳು ಒಟ್ಟಿಗೆ ಬರುತ್ತವೆ. ನನ್ನ ಕೇಳಿದರೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಇದಕ್ಕೇ ಹಾಕಿ.

ಚಾರ್ಜರ್ ಸಿಕ್ಕಿಸಿಯೇ ಓಡಿಸಿ, ಹಾಸಿಗೆ ಮೇಲೆ ಇಡಬೇಡಿ. ಕಾವು ಅತಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ಬ್ಲೆಂಡರ್‌ನಲ್ಲಿ ಕ್ಯಾಶ್ (ಲೆಕ್ಕದ ಫಲಿತಾಂಶ ಉಳಿಸಿಡುವ ಕಡತಗಳು) ವಿಧವನ್ನು ಮಾಡ್ಯುಲರ್‌ಗೆ ಇಟ್ಟು, ಬೇಕ್ ಶುರುಮಾಡುವ ಮುಂಚೆಯೇ ‘ರೆಸ್ಯೂಮಬಲ್’ ಟಿಕ್ ಮಾಡಿ. ಕರೆಂಟ್ ಹೋದಾಗ ಎಸ್ಕೇಪ್ ಒತ್ತಿ ನಿಲ್ಲಿಸಿ, ಬಂದಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದು.

ಗ್ರಾಫಿಕ್ಸ್ ಕಾರ್ಡ್‌ನ ಸರದಿ ರೆಂಡರ್‌ನಲ್ಲಿ, ಅಂದರೆ ಕೊನೆಯ ಚಿತ್ರ ಮೂಡಿಸುವಾಗ. ಬ್ಲೆಂಡರ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ ಎನ್‌ವಿಡಿಯಾ ಆರ್‌ಟಿಎಕ್ಸ್ ಕಾರ್ಡ್‌ಗೆ ಆಪ್ಟಿಕ್ಸ್ ಆರಿಸಿ, ನಂತರ ರೆಂಡರ್ ಎಂಜಿನ್ ಸೈಕಲ್ಸ್‌ನ ಡಿವೈಸ್ ಅನ್ನು ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮಾಡಿ. ಎರಡನೆಯದನ್ನು ಮರೆತರೆ ರೆಂಡರೂ ಪ್ರೊಸೆಸರ್‌ನ ತಲೆಗೇ ಬೀಳುತ್ತದೆ.