ಬೇಡ ಅಂದಷ್ಟೂ ಬಂತು, ಬಾ ಅಂದಾಗ ಬರಲಿಲ್ಲ: ನನ್ನ ಪ್ಯಾನಿಕ್ ಅಟ್ಯಾಕ್ ಅನುಭವ

ಮೊದಲ ಸಲ ಬಂದಾಗ ನಾನು ಲಿಫ್ಟಿನಲ್ಲಿದ್ದೆ. ಸುಮ್ನೆ ಫೋನ್ ನೋಡುತ್ತಾ ನಿಂತಿದ್ದೆ, ಯಾವ ಟೆನ್ಷನ್ನೂ ಇರಲಿಲ್ಲ. ಇದ್ದಕ್ಕಿದ್ದಂತೆ ಎದೆ ಒಂದು ಸಲ ಧಸಕ್ ಅಂದಿತು, ಆಮೇಲೆ ಡವಡವ ಅಂತ ಹೊಡೆದುಕೊಳ್ಳಲು ಶುರುವಾಯಿತು. ಎಷ್ಟು ಗಾಳಿ ಎಳೆದುಕೊಂಡರೂ ಸಾಲುತ್ತಿಲ್ಲ. ಬೆರಳ ತುದಿಯಲ್ಲಿ ಜೋಮು, ತುಟಿಯ ಸುತ್ತ ಚುಮುಚುಮು, ಅಂಗೈಯೆಲ್ಲ ಬೆವರು. ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದರೆ ಅದು ಬೇರೆ ಯಾರದ್ದೋ ಅನ್ನಿಸಿತು. ಸಾಯುತ್ತಿದ್ದೇನೆ ಅನ್ನುವುದರಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು. ರಿಪೋರ್ಟ್ ಬರುವಷ್ಟರಲ್ಲಿ ನಾನು ಆರಾಮಾಗಿ ಕೂತಿದ್ದೆ, ಅದೇ ಒಂಥರಾ ಅವಮಾನ. "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಮುಂದಿನ ಎರಡು ತಿಂಗಳಲ್ಲಿ ಇದೇ ಕಥೆ ಇನ್ನೂ ಮೂರು ಸಲ ಆಯಿತು. ಏನೂ ಇಲ್ಲ ಅಂದರೆ ಸಮಾಧಾನ ಆಗಬೇಕಲ್ವಾ? ನನಗೆ ಉಲ್ಟಾ ಆಯಿತು. ಇವರ ಕೈಗೆ ಸಿಗದ ದೊಡ್ಡ ಕಾಯಿಲೆ ಏನೋ ಇದೆ ಅಂತ ತಲೆಯಲ್ಲಿ ಕೂತುಬಿಟ್ಟಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಸಲ ಎದೆನೋವೋ ಉಸಿರು ಕಟ್ಟುವುದೋ ಆದರೆ "ಪ್ಯಾನಿಕ್ ಇರಬೇಕು" ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಥೈರಾಯ್ಡ್ ಜಾಸ್ತಿಯಾದರೂ, ಮೈಯಲ್ಲಿ ರಕ್ತ ಕಡಿಮೆಯಾದರೂ, ಹೃದಯದ ಬಡಿತದ ಲಯ ತಪ್ಪಿದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ನಾನು ಆಸ್ಪತ್ರೆಗೆ ಹೋದದ್ದು ಸರಿಯಾಗೇ ಇತ್ತು. ಆದರೆ ಹೃದಯದ್ದಲ್ಲ ಅಂದವರು ಮತ್ತೆ ಇದು ಏನು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹೊತ್ತಿಗೆ ನನ್ನ ಪ್ರಪಂಚ ಕುಗ್ಗುತ್ತಾ ಬಂದಿತ್ತು. ಮೊದಲು ಲಿಫ್ಟ್ ಬಿಟ್ಟೆ. ಆಮೇಲೆ ಒಬ್ಬಳೇ ಬಸ್ ಹತ್ತುವುದು ಬಿಟ್ಟೆ. ಮೀಟಿಂಗಿನಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಬ್ಯಾಗಿನಲ್ಲಿ ನೀರಿನ ಬಾಟಲಿ, ಒಂದು ಮಾತ್ರೆ, ಇಸಿಜಿ ರಿಪೋರ್ಟಿನ ಜೆರಾಕ್ಸ್. ಮೆಟ್ಟಿಲು ಹತ್ತಿದರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದಲ್ಲ, ಅದಕ್ಕೂ ಹೆದರಿ ನಿಧಾನಕ್ಕೆ, ಮಧ್ಯೆ ಮಧ್ಯೆ ನಿಂತು ಹತ್ತುತ್ತಿದ್ದೆ. ದಿನಕ್ಕೆ ಅದೆಷ್ಟು ಸಲ ಕುತ್ತಿಗೆ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತಿದ್ದೆನೋ ಲೆಕ್ಕವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕ. ಅಕ್ಕ ಜೊತೆಗಿದ್ದರೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದೆ, ಇಲ್ಲದಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ಅಟ್ಯಾಕ್ ವಾರಕ್ಕೆ ಒಂದೋ ಎರಡೋ ಬರುತ್ತಿತ್ತು ಅಷ್ಟೇ, ಆದರೆ ಯಾವಾಗ ಬರುತ್ತದೋ ಅನ್ನುವ ಭಯ ಮಾತ್ರ ದಿನವಿಡೀ ಇರುತ್ತಿತ್ತು.

ಕೊನೆಗೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದದ್ದೂ ಅಕ್ಕನೇ. ಅವರು ನನ್ನ ಫೈಲನ್ನೆಲ್ಲ ತಿರುವಿ ನೋಡಿ ಎರಡೇ ಪ್ರಶ್ನೆ ಕೇಳಿದರು. ಕಾರಣವೇ ಇಲ್ಲದೆ ಬರುತ್ತದಾ? ಒಂದು ಸಲ ಬಂದ ಮೇಲೆ ತಿಂಗಳುಗಟ್ಟಲೆ ಅದರದ್ದೇ ಚಿಂತೆಯಾ, ಅದಕ್ಕೋಸ್ಕರ ಓಡಾಟ ಕಮ್ಮಿ ಮಾಡಿದ್ದೀರಾ? ಎರಡಕ್ಕೂ ಹೌದು ಅಂದೆ. ಇದಕ್ಕೆ ಪ್ಯಾನಿಕ್ ಡಿಸಾರ್ಡರ್ ಅಂತಾರೆ, ವಾಸಿಯಾಗುತ್ತೆ ಅಂದರು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದಕ್ಕೆ ಅಷ್ಟು ಖುಷಿಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದದ್ದು, ಈ ಹೆಸರು ತೀರಾ ಹಳೆಯದೇನಲ್ಲ. ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಕೈಪಿಡಿಯಲ್ಲಿ ಪ್ಯಾನಿಕ್ ಡಿಸಾರ್ಡರ್ ಅಂತ ಬೇರೆಯಾಗಿ ಸೇರಿದ್ದೇ 1980ರಲ್ಲಿ. ಕಾಯಿಲೆ ಮಾತ್ರ ಹಳೆಯದೇ. ಜೇಕಬ್ ಡ ಕೋಸ್ಟ ಅನ್ನುವ ಡಾಕ್ಟರು 1871ರಲ್ಲೇ ಅಮೆರಿಕದ ಅಂತರ್ಯುದ್ಧದ ಸೈನಿಕರ ಬಗ್ಗೆ ಬರೆದಿದ್ದರು. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಾಲುವುದಿಲ್ಲ, ಪರೀಕ್ಷೆ ಮಾಡಿದರೆ ಹೃದಯದಲ್ಲಿ ಅಂಥ ದೋಷವೇನೂ ಕಾಣುವುದಿಲ್ಲ. ಬಂದೂಕು ಹಿಡಿದು ಯುದ್ಧ ಮಾಡಿದವರಿಗೇ ಹೀಗಾಗಿತ್ತು. "ಸ್ವಲ್ಪ ಧೈರ್ಯ ತಗೋ" ಅಂತ ಹೇಳುವ ನೆಂಟರಿಗೆ ನಾನು ಇವತ್ತಿಗೂ ಈ ಕಥೆ ಹೇಳುತ್ತೇನೆ.

ಮನೋವೈದ್ಯರು ಮಾತ್ರೆಯ ಜೊತೆಗೆ ಸಿಬಿಟಿ (ಯೋಚಿಸುವ, ನಡೆದುಕೊಳ್ಳುವ ರೀತಿ ಬದಲಿಸುವ ಚಿಕಿತ್ಸೆ) ಮಾಡುವ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು. ಸಮಾಧಾನದ ನಾಲ್ಕು ಮಾತು ಹೇಳಿ ಕಳಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ಮೊದಲ ದಿನವೇ "ಈಗ ಇಲ್ಲೇ ಒಂದು ಅಟ್ಯಾಕ್ ಬರಿಸಿಕೊಳ್ಳಿ ನೋಡೋಣ" ಅಂದರು. ತಮಾಷೆ ಅಂದುಕೊಂಡೆ. ಅವರು ಗಡಿಯಾರ ನೋಡುತ್ತಾ ಕೂತೇಬಿಟ್ಟರು. ಕಣ್ಣು ಮುಚ್ಚಿ ಎದೆಯ ಮೇಲೆ ಗಮನ ಇಟ್ಟು, ಬಾ ಬಾ ಅಂತ ಮನಸ್ಸಿನಲ್ಲೇ ಕರೆದೆ. ಬರಲಿಲ್ಲ! ಆರು ತಿಂಗಳಿಂದ ಬೇಡ ಬೇಡ ಅಂದರೂ ಬರುತ್ತಿದ್ದದ್ದು ಕರೆದಾಗ ಬರಲಿಲ್ಲ.

ಆಮೇಲೆ ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡಿ ಅಂದರು. ಅವರೂ ನನ್ನ ಜೊತೆ ಮಾಡಿದರು. ಮೂವತ್ತು ಸೆಕೆಂಡಿಗೇ ತಲೆ ಹಗುರಾಯಿತು, ಬೆರಳು ಜೋಮು ಹಿಡಿಯಿತು, ತುಟಿ ಚುಮುಚುಮು, ಎದುರಿನ ಗೋಡೆ ದೂರ ಹೋದಂತೆ. ಥೇಟ್ ಲಿಫ್ಟಿನಲ್ಲಿ ಆದದ್ದೇ. ಕಣ್ಣು ಬಿಟ್ಟು ನೋಡಿದರೆ ಅವರೂ ಕೈಬೆರಳು ಕೊಡವಿಕೊಳ್ಳುತ್ತಾ ಕೂತಿದ್ದಾರೆ. "ನಂಗೂ ಜೋಮು ಬಂತು, ನಾನೂ ಸಾಯ್ತಿದೀನಾ?" ಅಂದರು.

ವಿಷಯ ಇಷ್ಟೇ. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಆಗ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗಿ ತಲೆ ಸುತ್ತಿದಂತಾಗುತ್ತದೆ, ರಕ್ತದಲ್ಲಿ ನರಗಳಿಗೆ ಸಿಗುವ ಕ್ಯಾಲ್ಸಿಯಂ ಇಳಿದು ಬೆರಳು, ತುಟಿ ಜೋಮು ಹಿಡಿಯುತ್ತವೆ. ಗಾಳಿ ಸಾಲುತ್ತಿಲ್ಲ ಅಂತ ನಾವು ಇನ್ನೂ ಜೋರಾಗಿ ಎಳೆದುಕೊಳ್ಳುತ್ತೇವೆ, ಅದು ಇನ್ನೂ ಜಾಸ್ತಿಯಾಗುತ್ತದೆ. ನಿಜಕ್ಕೂ ಆಗ ರಕ್ತದಲ್ಲಿ ಆಮ್ಲಜನಕಕ್ಕೆ ಬರವೇನೂ ಇರುವುದಿಲ್ಲ. ಇನ್ನು ಎದೆ ಬಡಿತ, ಬೆವರು, ನಡುಕ ಎಲ್ಲ ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ. ಓಡು ಇಲ್ಲವೇ ಹೊಡೆದಾಡು ಅಂತ ಮೈ ತಯಾರಾಗುವುದು. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಇದೇ ಆಗುತ್ತದೆ, ಆಗ ಯಾರೂ ನಾಡಿ ಎಣಿಸುತ್ತಾ ನಿಲ್ಲುವುದಿಲ್ಲ. ಇಲ್ಲಿ ನಾಯಿ ಕಾಣುವುದಿಲ್ಲ, ಅದಕ್ಕೇ ನಮ್ಮ ಹೃದಯದ ಮೇಲೇ ಅನುಮಾನ.

ಡೇವಿಡ್ ಕ್ಲಾರ್ಕ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಇದನ್ನು ಒಂದು ಚಕ್ರದ ಹಾಗೆ ವಿವರಿಸಿದರು. ಮೈಯಲ್ಲಿ ಏನೋ ಒಂದು ಸಣ್ಣ ಬದಲಾವಣೆ. ಅದನ್ನು ಸಾವು ಅಂತಲೋ ಹುಚ್ಚು ಅಂತಲೋ ಓದಿಕೊಳ್ಳುತ್ತೇವೆ. ಅದರಿಂದ ಭಯ, ಭಯದಿಂದ ಇನ್ನಷ್ಟು ಅಡ್ರಿನಲಿನ್, ಅದರಿಂದ ಎದೆ ಇನ್ನೂ ಜೋರು. ಹಗ್ಗ ನೋಡಿ ಹಾವು ಅಂದುಕೊಳ್ಳುವುದು ಅಂತೀವಲ್ಲ, ಅದೇ. ನನ್ನ ಬಾಟಲಿ, ಮಾತ್ರೆ, ಬಾಗಿಲ ಪಕ್ಕದ ಕುರ್ಚಿ, ಅಕ್ಕ, ಇವೆಲ್ಲ ಏನು ಮಾಡುತ್ತಿದ್ದವು ಅಂದರೆ ಹಗ್ಗದ ಹತ್ತಿರ ಹೋಗಿ ಮುಟ್ಟಿ ನೋಡಲು ನನ್ನನ್ನು ಬಿಡುತ್ತಲೇ ಇರಲಿಲ್ಲ. ಪ್ರತಿ ಸಲವೂ "ಅಬ್ಬಾ, ಅಕ್ಕ ಇದ್ದಿದ್ದಕ್ಕೆ ಬದುಕಿದೆ" ಅಂದುಕೊಂಡು ಬರುತ್ತಿದ್ದೆ. ಅಕ್ಕ ಇಲ್ಲದಿದ್ದರೂ ಬದುಕುತ್ತಿದ್ದೆ ಅಂತ ಗೊತ್ತಾಗುವುದಾದರೂ ಹೇಗೆ?

ಹಾಗಾಗಿ ಚಿಕಿತ್ಸೆ ಅಂದರೆ ಹೆದರುವ ಲಕ್ಷಣಗಳನ್ನು ನಾನೇ ಬೇಕಂತ ಬರಿಸಿಕೊಳ್ಳುವುದು. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಗಿರಗಿರ ತಿರುಗು. ಮೂಗು ಮುಚ್ಚಿಕೊಂಡು ಸಣ್ಣ ಸ್ಟ್ರಾದಲ್ಲಿ ಉಸಿರಾಡು. ನಿಂತಲ್ಲೇ ಓಡು. ಮೂವತ್ತು ಸೆಕೆಂಡು ತಲೆ ಆ ಕಡೆ ಈ ಕಡೆ ಆಡಿಸು. (ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.) ಮಾಡುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಏನಾಗಬಹುದು ಅನ್ನಿಸುತ್ತಿದೆ, ಅದರ ಮೇಲೆ ನಂಬಿಕೆ ನೂರಕ್ಕೆ ಎಷ್ಟು ಅಂತ ಬರೆಯಬೇಕು. ಆದ ಮೇಲೆ ಏನಾಯಿತು ಅಂತ ಬರೆಯಬೇಕು. ನನ್ನ ಮೊದಲ ಸಾಲು ಹೀಗಿದೆ: "ಕುರ್ಚಿ, 1 ನಿಮಿಷ. ಪ್ರಜ್ಞೆ ತಪ್ಪುತ್ತೆ. 80. ತಪ್ಪಲಿಲ್ಲ. ವಾಂತಿ ಬಂದಂಗಾಯ್ತು." ಅದೇ ಕುರ್ಚಿ, ಎಂಟನೇ ದಿನ: "10. ಬೋರ್."

ಪ್ರಜ್ಞೆ ತಪ್ಪುವ ಭಯ ಬಹಳ ಜನಕ್ಕೆ ಇರುತ್ತದೆ. ಸಾಮಾನ್ಯವಾಗಿ ರಕ್ತದೊತ್ತಡ ಕುಸಿದಾಗ ಪ್ರಜ್ಞೆ ತಪ್ಪುವುದು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ರಕ್ತ, ಗಾಯ ನೋಡಿದರೆ ಬೀಳುವವರದ್ದು ಬೇರೆ ಕಥೆ, ಅವರಿಗೆ ಒತ್ತಡ ನಿಜಕ್ಕೂ ಇಳಿಯುತ್ತದೆ.

ಕುರ್ಚಿ ಮುಗಿದ ಮೇಲೆ ಲಿಫ್ಟು. ಒಬ್ಬಳೇ, ಬಾಟಲಿ ಇಲ್ಲ, ಮಾತ್ರೆ ಇಲ್ಲ, ಮೇಲೆ ಕೆಳಗೆ ಆರು ಸಲ. ನಿಯಮ ಒಂದೇ, ಭಯ ಏರುತ್ತಿರುವಾಗ ಇಳಿಯುವ ಹಾಗಿಲ್ಲ. ಮೂರನೇ ಸುತ್ತಿನಲ್ಲಿ ಬಂದೇಬಂತು. ಎದೆ, ಬೆವರು, ಕನ್ನಡಿಯಲ್ಲಿ ಆ ಅಪರಿಚಿತ ಮುಖ, ಎಲ್ಲ. ಮಧ್ಯದಲ್ಲಿ ಒಬ್ಬರು ಹತ್ತಿ "ಯಾವ ಫ್ಲೋರ್ ಒತ್ತಲಿ?" ಅಂದರು. "ಯಾವುದೂ ಇಲ್ಲ" ಅಂದೆ. ಅವರು ನನ್ನ ಕಡೆ ಒಂಥರಾ ನೋಡಿ ಮುಂದಿನ ಮಹಡಿಯಲ್ಲೇ ಇಳಿದುಹೋದರು, ಅದು ಅವರ ಮಹಡಿ ಆಗಿರಲಿಕ್ಕಿಲ್ಲ. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ ಅಂತ ಹೇಳಿದ್ದರು. ನಾನು ಏನೂ ಮಾಡದೆ ನಿಂತೆ, ಅದು ತಾನಾಗೇ ಇಳಿಯಿತು.

ಏನೂ ಮಾಡದೆ ಇರುವುದೇ ಕಷ್ಟ. ನಿಧಾನಕ್ಕೆ ಉಸಿರಾಡುವುದನ್ನು ನಾನು ಮೊದಲೇ ಕಲಿತಿದ್ದೆ. ದಿನನಿತ್ಯದ ಒತ್ತಡಕ್ಕೆ ಅದು ಒಳ್ಳೆಯದೇ. ಆದರೆ ನಾನು "ಈ ಥರ ಉಸಿರಾಡದಿದ್ದರೆ ಸಾಯುತ್ತೇನೆ" ಅನ್ನುವ ಹಾಗೆ ಮಾಡುತ್ತಿದ್ದೆ, ಅದೂ ನೀರಿನ ಬಾಟಲಿಯ ತಮ್ಮನೇ. ಅದನ್ನೂ ಬಿಡಿಸಿದರು. ಕಾಗದದ ಚೀಲದಲ್ಲಿ ಉಸಿರಾಡುವುದನ್ನಂತೂ ಮಾಡಲೇಬೇಡಿ, ಅಕಸ್ಮಾತ್ ಅದು ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅಪಾಯ.

ಕೊನೆಗೆ ಬಿಡಬೇಕಾದದ್ದು ಅಕ್ಕನನ್ನು. ಮೊದಲು ಅವಳು ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಳು. ಆಮೇಲೆ ನಾನು ಇಳಿಯುವ ಸ್ಟಾಪಿನಲ್ಲಿ ಕಾಯುತ್ತಿದ್ದಳು. ಆಮೇಲೆ ಮನೆಯಲ್ಲಿ, ಫೋನ್ ಪಕ್ಕದಲ್ಲಿಟ್ಟುಕೊಂಡು. ಒಂದು ದಿನ ನನ್ನ ಫೋನನ್ನೂ ಆಫ್ ಮಾಡಿ ಹೋಗಿ ಬಂದೆ. ಬಾಗಿಲು ತೆಗೆದವಳ ಮುಖ ಬಿಳಚಿಕೊಂಡಿತ್ತು. "ನಿನಗಿಂತ ಜಾಸ್ತಿ ನನಗೇ ಎದೆ ಹೊಡ್ಕೊಳ್ತಿತ್ತು ಕಣೇ" ಅಂದಳು.

ಮಾತ್ರೆ ಬಗ್ಗೆ ಬಹಳ ಜನ ಕೇಳುತ್ತಾರೆ. ನನಗೆ ಕೊಟ್ಟದ್ದು ಎಸಿಟಲೋಪ್ರಾಮ್ ಅಂತ, ಖಿನ್ನತೆಗೂ ಆತಂಕಕ್ಕೂ ಕೊಡುವ ಮಾತ್ರೆ, ತೀರಾ ಚಿಕ್ಕ ಡೋಸಿನಿಂದ ಶುರು. ಈ ಜಾತಿಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಜಾಸ್ತಿಯೂ ಆಗಬಹುದು. ನನಗೆ ಹತ್ತು ದಿನ ಹಾಗೇ ಆಯಿತು, ನಾಲ್ಕನೇ ವಾರದಲ್ಲಿ ತಳಮಳ ಸ್ವಲ್ಪ ತಗ್ಗಿತು. ಜೊತೆಗೆ ಕ್ಲೋನಾಜೆಪಾಮ್ ಅನ್ನುವ, ಆತಂಕ ಬೇಗ ತಗ್ಗಿಸುವ ಮಾತ್ರೆಯನ್ನು ಅರ್ಧದಂತೆ ಮೂರು ವಾರ ಮಾತ್ರ ಕೊಟ್ಟು ಮೆಲ್ಲಗೆ ನಿಲ್ಲಿಸಿದರು. ಅದು ಅರ್ಧ ಮುಕ್ಕಾಲು ಗಂಟೆಯಲ್ಲೇ ಆರಾಮ ಕೊಡುತ್ತದೆ, ಅದಕ್ಕೇ ಅದನ್ನು ಬಿಡುವುದು ಕಷ್ಟ. ಆರಾಮಾದೆ ಅಂತ ನಾನೇ ಐದನೇ ತಿಂಗಳಲ್ಲಿ ಎಸಿಟಲೋಪ್ರಾಮ್ ದಿಢೀರನೆ ನಿಲ್ಲಿಸಿದೆ. ಮೂರು ದಿನಕ್ಕೆ ತಲೆ ಸುತ್ತು, ತಲೆಯೊಳಗೆ ಚಿಟಿಚಿಟಿ ಕರೆಂಟ್ ಹೊಡೆದಂತೆ. ಡಾಕ್ಟರ ಹತ್ತಿರ ಬೈಸಿಕೊಂಡು ಮತ್ತೆ ಶುರು ಮಾಡಿ, ಪೂರ್ತಿ ಸರಿಹೋಗಿ ಒಂದು ವರ್ಷ ಆದ ಮೇಲೆ ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಟ್ಟೆ. ಮಾತ್ರೆ ಇಲ್ಲದೆ ಬರೀ ಸಿಬಿಟಿಯಿಂದಲೇ ಸರಿಹೋದವರೂ ಇದ್ದಾರೆ. ನನಗೆ ಆಗ ಮನೆಯಿಂದ ಹೊರಡಲೇ ಆಗುತ್ತಿರಲಿಲ್ಲ, ಹಾಗಾಗಿ ಎರಡೂ ಬೇಕಾಯಿತು.

ಎರಡು ತಿಂಗಳ ಹಿಂದೆ ಜ್ವರ ಬಂದಿತ್ತು. ರಾತ್ರಿ ಎಚ್ಚರವಾದಾಗ ಎದೆ ಅದೇ ಹಳೇ ಥರ ಹೊಡೆದುಕೊಳ್ಳುತ್ತಿತ್ತು. ಕೈ ತಾನಾಗೇ ಕುತ್ತಿಗೆಗೆ ಹೋಯಿತು. ಇಪ್ಪತ್ತಾರೋ ಇಪ್ಪತ್ತೇಳೋ ಎಣಿಸಿರಬೇಕು, ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗಿ ನಗು ಬಂತು. ಕೈ ತೆಗೆದು ಹೊದಿಕೆಯೊಳಗೆ ಇಟ್ಟುಕೊಂಡೆ. ಪಕ್ಕದ ರೂಮಿನಲ್ಲಿ ಅಕ್ಕ ಮಲಗಿದ್ದಳು, ಎಬ್ಬಿಸಲಿಲ್ಲ. ಬೆಳಿಗ್ಗೆ ಹೇಳಿದರೆ "ಎಬ್ಬಿಸೋದಲ್ವೇನೇ?" ಅಂತ ಬೈದಳು.