ಅಪ್ಪನ ಸ್ಪ್ಲೆಂಡರ್‌ಗೆ ಭಾನುವಾರದ ಉಪಚಾರ

ನಮ್ಮ ಗೇಟಿನೊಳಗೆ ನಿಂತಿರುವುದು 2003ರ ಹೀರೋ ಹೋಂಡಾ ಸ್ಪ್ಲೆಂಡರ್. ಅಪ್ಪ ಇದೇ ಬೈಕಿನಲ್ಲಿ ವರ್ಷಗಟ್ಟಲೆ ಬೆಂಗಳೂರಿನ ಪೀಣ್ಯದ ಕಾರ್ಖಾನೆಗೆ ಹೋಗಿಬಂದರು. ಈಗ ಕೀ ನನ್ನ ಕೈಯಲ್ಲಿದೆ. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಅದಾದ ಐದು ವರ್ಷಕ್ಕೆ ಇನ್ನೊಮ್ಮೆ ಆರ್‌.ಸಿ. ನವೀಕರಣವೂ ಆಯಿತು. ಗ್ಯಾರೇಜಿಗೆ ಬಿಟ್ಟರೆ ‘ಸರ್, ಹಳೇ ಗಾಡಿ, ಎಲ್ಲಾ ಬಿಚ್ಚಿ ನೋಡ್ಬೇಕು’ ಅನ್ನುತ್ತಾರೆ. ಬಿಚ್ಚದೆಯೇ ನೋಡಬಹುದಾದದ್ದು ಬೇಕಾದಷ್ಟಿದೆ ಎಂಬುದು ನಾಲ್ಕೈದು ವರ್ಷ ಕೈ ಕಪ್ಪು ಮಾಡಿಕೊಂಡ ಮೇಲೆ ನನಗೆ ಗೊತ್ತಾಯಿತು. ಕೆಳಗಿನ ಅಳತೆಗಳು ಈ ಬೈಕಿನವು. ನಿಮ್ಮದು ಬೇರೆ ಮಾದರಿಯಾದರೆ ಅದರ ಮ್ಯಾನ್ಯುವಲ್ ನೋಡಿಕೊಳ್ಳಿ.

ಶನಿವಾರ ರಾತ್ರಿಯೇ ಶುರು ಮಾಡಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಹನಿಯೇ ಅರ್ಧ ರೋಗ ಹೇಳುತ್ತದೆ. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್. ಕಲೆ ಒಣಗಿ ಬರೀ ವಾಸನೆ ಉಳಿದಿದ್ದರೆ ಪೆಟ್ರೋಲ್. ಅಪಾರ್ಟ್‌ಮೆಂಟಿನವರಿಗೆ ಈ ರಟ್ಟಿನಿಂದ ಇನ್ನೊಂದು ಲಾಭವೂ ಇದೆ: ಪಾರ್ಕಿಂಗ್ ಟೈಲ್ಸ್ ಮೇಲೆ ಕಲೆಯಾಯಿತೆಂದು ಅಸೋಸಿಯೇಷನ್ ಗ್ರೂಪಿನಲ್ಲಿ ಫೋಟೋ ಬರುವುದಿಲ್ಲ.

ಸಾಮಾನು ಹೆಚ್ಚೇನೂ ಬೇಡ. 10ರಿಂದ 19ರವರೆಗಿನ ರಿಂಗ್ ಸ್ಪ್ಯಾನರ್‌ಗಳು, 16ರ ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್, ಹಳೇ ಹಲ್ಲುಜ್ಜುವ ಬ್ರಷ್, ಹರಿದ ಬನಿಯನ್. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನಿನ ಹೊಟ್ಟೆ ಕೊಯ್ದರೆ ಆಯಿಲ್ ಹಿಡಿಯುವ ಟ್ರೇ ಸಿದ್ಧ. ಸ್ಪ್ಯಾನರ್‌ಗಳಿಗೆ ಎಸ್‌.ಪಿ. ರಸ್ತೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆ. ಭಾಗ ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಸ್ಪ್ಲೆಂಡರ್‌ದು ಕೊಡಿ’ ಅಂದರೆ ಯಾವ ವರ್ಷದ ಸ್ಪ್ಲೆಂಡರ್ ಎಂದು ಎಲ್ಲರೂ ಕೇಳುವುದಿಲ್ಲ.

ಎಂಜಿನ್ ಆಯಿಲ್

ಮೊದಲು ಮಟ್ಟ ನೋಡಬೇಕು. ಎಂಜಿನನ್ನು ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ, ಮತ್ತೆರಡು ನಿಮಿಷ ಕಾಯಿರಿ. ಬಲಬದಿಯ ಆಯಿಲ್ ಗೇಜ್ ಕಡ್ಡಿ ತಿರುಗಿಸಿ ತೆಗೆದು, ಒರೆಸಿ, ಮತ್ತೆ ಇಳಿಬಿಡಿ. ತಿರುಗಿಸಿ ಬಿಗಿಯಬೇಡಿ, ಸುಮ್ಮನೆ ಕೂರಿಸಿದರೆ ಸಾಕು. ಎಷ್ಟೋ ಜನ ಬಿಗಿದು ನೋಡುತ್ತಾರೆ. ಆಗ ಕಡ್ಡಿ ಇನ್ನಷ್ಟು ಕೆಳಗಿಳಿದು, ಆಯಿಲ್ ಕಮ್ಮಿಯಿದ್ದರೂ ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಬದಲಿಸುವುದಾದರೆ ಎಂಜಿನ್ ಬೆಚ್ಚಗಿರುವಾಗಲೇ ಬದಲಿಸಿ, ಆಗ ಹೊಲಸೂ ಜೊತೆಗೆ ಹರಿದುಬರುತ್ತದೆ. ಅಡಿಯಲ್ಲಿರುವ 17ರ ಬೋಲ್ಟ್ ಬಿಚ್ಚಿ, ಪೂರ್ತಿ ಇಳಿಯಲು ಹತ್ತು ನಿಮಿಷ ಬಿಡಿ. ಕೀ ಆಫ್ ಇಟ್ಟು ನಾಲ್ಕೈದು ಸಲ ನಿಧಾನವಾಗಿ ಕಿಕ್ಕರ್ ಒತ್ತಿದರೆ ಉಳಿದದ್ದೂ ಇಳಿಯುತ್ತದೆ. ಒಂದು ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಬೆಳ್ಳಿಪುಡಿಯಂತೆ ಮಿನುಗಿದರೆ ಒಳಗೇನೋ ಸವೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ.

ಬೋಲ್ಟ್ ಹಾಕುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಸಲ, ಸೋರಬಾರದು ಎಂದು ಉದ್ದದ ಸ್ಪ್ಯಾನರ್‌ನ ತುದಿ ಹಿಡಿದು ಮೈಭಾರ ಹಾಕಿ ಬಿಗಿದೆ. ಎಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಕೈಗೆ ಬೆಣ್ಣೆ ಹತ್ತಿದಂತೆ ಮೆತ್ತಗಾಯಿತು: ಥ್ರೆಡ್ ಹೋಗಿತ್ತು. ಗಾಡಿಯನ್ನು ಲೇತ್ ಅಂಗಡಿಯವರೆಗೆ ತಳ್ಳಿಕೊಂಡು ಹೋಗಿ, ತೂತಿಗೆ ಹೊಸ ಥ್ರೆಡ್ ಸುರುಳಿ ಕೂರಿಸಿಕೊಂಡು ಬಂದೆ. ಈಗ ಬೋಲ್ಟನ್ನು ಬರಿ ಬೆರಳಲ್ಲೇ ಕೊನೆವರೆಗೆ ತಿರುಗಿಸುತ್ತೇನೆ. ಆಮೇಲೆ ಸ್ಪ್ಯಾನರನ್ನು ತಲೆಯ ಹತ್ತಿರವೇ ಹಿಡಿದು, ಮಣಿಕಟ್ಟಿನ ಬಲದಲ್ಲಷ್ಟೇ ಬಿಗಿ. ಪ್ರತಿ ಸಲ ವಾಷರ್ ಹೊಸದು. ಸೋರುವುದನ್ನು ತಡೆಯುವುದು ವಾಷರೇ ಹೊರತು ತೋಳಿನ ಶಕ್ತಿಯಲ್ಲ.

10ಡಬ್ಲ್ಯೂ30 ಆಯಿಲ್ ತನ್ನಿ. ಬಾಟಲಿಯ ಮೇಲೆ ‘ಜೆಎಎಸ್‌ಒ ಎಂಎ’ ಎಂಬ ಗುರುತಿರಬೇಕು. ಬೈಕಿನ ಕ್ಲಚ್ ಇದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಪ್ಲೇಟ್ ಜಾರಬಹುದು. ಮುಕ್ಕಾಲು ಬಾಟಲಿ ಸುರಿದು, ಗೇಜ್ ನೋಡುತ್ತಾ ಉಳಿದದ್ದು ಹಾಕಿ. ಕಡ್ಡಿಯ ಮೇಲಿನ ಗೆರೆ ದಾಟಿಸಬೇಡಿ. ಹಳೇ ಎಣ್ಣೆಯನ್ನು ಮೋರಿಗೆ ಚೆಲ್ಲಬೇಡಿ, ಅದೇ ಬಾಟಲಿಗೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಇರುವವರಿಗೆ ಈ ಲೆಕ್ಕವೇ ಬೇರೆ: ಅಲ್ಲಿ ಕೆಳಗಿರುವುದು ಗೇರ್ ಆಯಿಲ್, ಎಂಜಿನ್‌ಗೆ ಹೋಗುವುದು ಪೆಟ್ರೋಲಿನ ಜೊತೆ ಉರಿಯುವ 2ಟಿ ಆಯಿಲ್.

ಪ್ಲಗ್ ಓದುವುದು

ಎಂಜಿನ್ ತಣ್ಣಗಿರಲಿ. ಬಿಚ್ಚುವ ಮೊದಲು ಪ್ಲಗ್ ಸುತ್ತ ಕೂತ ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ. ನಮ್ಮೂರಲ್ಲಿ ಮೆಟ್ರೊ ಕಾಮಗಾರಿಯ ದೂಳೆಲ್ಲ ಅಲ್ಲೇ ಮನೆ ಮಾಡಿರುತ್ತದೆ, ಪ್ಲಗ್ ತೆಗೆದೊಡನೆ ಸಿಲಿಂಡರಿನೊಳಗೆ ಬೀಳುತ್ತದೆ.

ಪ್ಲಗ್ಗಿನ ಮೂತಿ ಹಾಲು ಬೆರೆಸಿದ ಡಿಕಾಕ್ಷನ್ ಬಣ್ಣದಲ್ಲಿದ್ದರೆ ಎಲ್ಲ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಹೀಗಾದಾಗ ತಕ್ಷಣ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಮೇಲೆ ಕೈ ಹಾಕಬೇಡಿ, ಮೊದಲು ಏರ್ ಫಿಲ್ಟರ್ ನೋಡಿ. ನನ್ನ ಗಾಡಿಯಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪು ಅದರದ್ದೇ. ಸ್ಪಾಂಜ್ ಮಾದರಿಯಾದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ಆಯಿಲ್‌ನಲ್ಲಿ ಅದ್ದಿ, ಹಿಂಡಿ ಹಾಕಿ. ಕಾಗದದ್ದಾದರೆ ತೊಳೆಯುವುದಲ್ಲ, ಬದಲಿಸುವುದು. ಮೂತಿ ಒದ್ದೆಯಾಗಿ ಎಣ್ಣೆ ಹಿಡಿದಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಅದು ಮನೆಯ ಕೆಲಸವಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ.

ಎಮಿಷನ್ ಟೆಸ್ಟಿಗೆ ಹೋಗುವ ಹಿಂದಿನ ದಿನ ಇಷ್ಟು ನೋಡಿಕೊಂಡರೆ ಒಳ್ಳೆಯದು. ನನ್ನಂಥ ಗಾಡಿಗೆ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3.5 ಮೀರಬಾರದು. ಮಸಿ ಹಿಡಿದ ಪ್ಲಗ್ ಎಂದರೆ ಅಲ್ಲೂ ತೊಂದರೆ ಎಂದೇ ಅರ್ಥ.

ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿ, 0.6ರಿಂದ 0.7 ಮಿ.ಮೀ. ಫೀಲರ್ ಗೇಜ್ ಸ್ವಲ್ಪ ತಡೆದು ಜಾರಿದರೆ ಸರಿ. ವಾಪಸು ಹಾಕುವಾಗ ಕೈಯಲ್ಲೇ ತಿರುಗಿಸಿ, ತಡೆದರೆ ಬಲ ಹಾಕದೆ ಬಿಚ್ಚಿ ಮತ್ತೆ ಹಾಕಿ. ಕೂತ ಮೇಲೆ ಹೊಸ ಪ್ಲಗ್‌ಗೆ ಅರ್ಧ ಸುತ್ತು, ಹಳೆಯದಕ್ಕೆ ಅದಕ್ಕಿಂತಲೂ ಕಮ್ಮಿ.

ಪೆಟ್ರೋಲಿನ ದಾರಿ

20 ಪರ್ಸೆಂಟ್ ಎಥನಾಲ್ ಇರುವ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. 2003ರ ಗಾಡಿ ಮಾಡಿದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅಲ್ಲೇ ತುಕ್ಕು ಶುರು. ಹಳೇ ರಬ್ಬರನ್ನೂ ಅದು ಕೆಡಿಸುತ್ತದೆ.

ಆದ್ದರಿಂದ ಟ್ಯಾಂಕಿನಿಂದ ಬರುವ ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಕಡ್ಡಿಯಂತೆ ಗಟ್ಟಿಯಾಗಿದ್ದರೆ, ಇಲ್ಲವೇ ಉಬ್ಬಿ ಮೆತ್ತಗಾಗಿದ್ದರೆ ಅವತ್ತೇ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದೆಂದರೆ ತಮಾಷೆಯಲ್ಲ. ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ನೋಡಿ, ಮಳೆಗಾಲದಲ್ಲಿ ನೀರು ಇಳಿಯುವುದು ಅಲ್ಲಿಂದಲೇ. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಒಂದು ಫರ್ಲಾಂಗ್ ಹೋಗಿ ಕೆಮ್ಮಿ ನಿಂತರೆ, ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಇಳಿಸಿ. ತಳದಲ್ಲಿ ಬೇರೆಯದೇ ಪದರ ಕಂಡರೆ ಅದು ನೀರು. ಎಂಜಿನ್ ತಣ್ಣಗಿರಲಿ. ಬೀಡಿ, ಸಿಗರೇಟು, ದೀಪ ಹತ್ತಿರ ಬೇಡ. ಅಡುಗೆಮನೆ ಕಿಟಕಿಯ ಪಕ್ಕವಂತೂ ಬೇಡವೇ ಬೇಡ.

ಊರಿಗೆ ಹೋಗಿ ಹದಿನೈದು ದಿನ ಬರುವುದಿಲ್ಲ ಎಂದಾದರೆ ಪೆಟ್ರೋಲ್ ಕಾಕ್ ಆಫ್ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಬಟ್ಟಲಲ್ಲಿ ಉಳಿದ ಪೆಟ್ರೋಲ್ ಹಳಸಿ ಅಂಟಾದರೆ ಮೊದಲು ಕಟ್ಟಿಕೊಳ್ಳುವುದು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ಕೂದಲೆಳೆ ತೂತು.

ಚೈನ್, ಬ್ರೇಕ್, ಕೇಬಲ್

ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಎತ್ತಿ ನೋಡಿ. ಮೇಲೆ ಕೆಳಗೆ ಸುಮಾರು ಎರಡೂವರೆ ಸೆಂಟಿಮೀಟರ್ ಆಡಬೇಕು. ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ನಾಲ್ಕು ಕಡೆ ನೋಡಿ. ಎಂಜಿನ್ ಓಡಿಸಿ, ಗೇರ್ ಹಾಕಿ ಚೈನ್ ಒರೆಸುವವರನ್ನು ಕಂಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಹಿಂದೆಯೇ ಬೆರಳೂ ಹೋಗುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಬಂದರೆ ಹೊಂದಿಸುವ ಕಾಲ ಮುಗಿಯಿತು, ಚೈನ್ ಸೆಟ್ ಪೂರ್ತಿ ಬದಲಿಸಿ. ಹಳೇ ಸ್ಪ್ರಾಕೆಟ್ (ಹಲ್ಲುಚಕ್ರ) ಮೇಲೆ ಹೊಸ ಚೈನ್ ಹಾಕುವುದು ದುಡ್ಡು ದಂಡ.

ಹೊಂದಿಸಲು ಹಿಂದಿನ ಆಕ್ಸಲ್ ನಟ್, ಎಡಬದಿಯ ಸ್ಲೀವ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಒಂದೇ ಲೆಕ್ಕದಲ್ಲಿ ತಿರುಗಿಸಿ. ಎರಡು ಕಡೆಯ ಗುರುತು ಒಂದೇ ಗೆರೆಗೆ ಬರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಚೈನಿನ ಎರಡು ತುದಿ ಜೋಡಿಸುವ ಲಾಕ್ ಬಿಚ್ಚಿದ್ದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ತೊಳೆಯಲು ಸೀಮೆಎಣ್ಣೆ, ಸಿಗದಿದ್ದರೆ ಡೀಸೆಲ್. ಒಣಗಿದ ಮೇಲೆ 90ರ ಗೇರ್ ಆಯಿಲ್.

ಚಕ್ರ ಹಿಂದೆ ಸರಿದಿರುವುದರಿಂದ ಬ್ರೇಕಿನ ಬಿಗಿಯೂ ಬದಲಾಗಿರುತ್ತದೆ. ಪೆಡಲ್ 2ರಿಂದ 3 ಸೆಂ.ಮೀ. ಇಳಿದ ಮೇಲೆ ಬ್ರೇಕ್ ಹಿಡಿಯಬೇಕು, ಹಿಂದಿನ ಬ್ರೇಕ್ ದೀಪವೂ ಹತ್ತಬೇಕು. ಡ್ರಮ್ ಬಿಚ್ಚಿದಿರಾದರೆ ಒಳಗಿನ ದೂಳನ್ನು ಬಾಯಲ್ಲಿ ಊದಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ದಿನಾ ಓಡಾಡುವವರು ಕ್ಲಚ್ ಕೇಬಲ್ಲಿನ ತುದಿ ನೋಡಲೇಬೇಕು. ಒಂದು ಎಳೆ ಬಿಟ್ಟಿದ್ದರೂ ಅದು ಸಿಗ್ನಲ್ಲಿನಲ್ಲೇ ತುಂಡಾಗುವುದು. ಲಿವರ್ 1ರಿಂದ 2 ಸೆಂ.ಮೀ. ಸಡಿಲವಾಗಿ ಆಡಲಿ. ಟೈರಿನ ಗಾಳಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರಿಗೆ 28, ಇಬ್ಬರಾದರೆ 40. ಬ್ಯಾಟರಿ ಸತ್ತರೂ ಈ ಬೈಕ್ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಹಾಗಾಗಿ ಅದರ ಕಡೆ ಯಾರೂ ನೋಡುವುದಿಲ್ಲ, ಹಾರ್ನ್ ಗೊಗ್ಗರಾದಾಗಲೇ ನೆನಪು. ಮುಚ್ಚಳವಿರುವ ಹಳೇ ಮಾದರಿಯಾದರೆ ಎರಡು ಗೆರೆಗಳ ನಡುವೆ ಡಿಸ್ಟಿಲ್ಡ್ ವಾಟರ್ ಇರಲಿ, ನಲ್ಲಿ ನೀರು ಬೇಡ.

ವಾಲ್ವ್ ಸಂದಿ ಹೊಂದಿಸುವ ಟ್ಯಾಪೆಟ್, ಕ್ಲಚ್ ಪ್ಲೇಟ್, ಫೋರ್ಕ್ ಆಯಿಲ್ ಸೀಲ್, ಇವನ್ನು ನಾನು ಮುಟ್ಟುವುದಿಲ್ಲ. ಟ್ಯಾಪೆಟ್ ಸಣ್ಣಗೆ ಟಿಕ್‌ಟಿಕ್ ಅನ್ನುತ್ತಿದ್ದರೆ ಅನ್ನಲಿ. ಸದ್ದು ನಿಲ್ಲಿಸಲು ಬಿಗಿದು ವಾಲ್ವ್ ಸುಟ್ಟುಕೊಳ್ಳುವುದಕ್ಕಿಂತ ಅದೇ ವಾಸಿ.

ಎಲ್ಲ ಮುಗಿದ ಮೇಲೆ ಬೀದಿಯಲ್ಲೇ ಎರಡು ಸುತ್ತು ನಿಧಾನವಾಗಿ ಹೋಗಿಬನ್ನಿ, ಬ್ರೇಕ್ ಹಿಡಿದು ನೋಡಿ. ಬಂದು ಇನ್ನೊಮ್ಮೆ ಆಕ್ಸಲ್ ನಟ್‌ಗೆ, ಡ್ರೈನ್ ಬೋಲ್ಟ್‌ಗೆ ಸ್ಪ್ಯಾನರ್ ಮುಟ್ಟಿಸಿ. ರಾತ್ರಿ ಎಂಜಿನ್ ಕೆಳಗೆ ಹೊಸ ರಟ್ಟು ಹಾಸಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಬಗ್ಗಿ ಅದನ್ನೊಮ್ಮೆ ನೋಡಿ.